ನೂರಾ ಹನ್ನೆರಡನೇ ನಂಬರು

ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿಂದ ಯಾರು ಬಂದರೂ ಕೈಯಲ್ಲೊಂದು ಪಟ್ಟಿ ಇರುತ್ತಿತ್ತು. ಹಾಗಾಗಿ ಚೆಟ್ಟಳ್ಳಿಯ ನಮ್ಮ ಎಸ್ಟೇಟಿಗೆ ಜೀಪಿನಲ್ಲಿ ಬಂದಿಳಿದ ಆ ಹೆಂಗಸನ್ನು ನಾನು ಮೊದಲ ದಿನವೇ ನಂಬಲಿಲ್ಲ. ಮೈಸೂರಿನ ಯಾವುದೋ ಕಾಲೇಜಿನವಳಂತೆ. ಹರೆಯದವರಿಗೆ ಗುಪ್ತರೋಗದ ಬಗ್ಗೆ ಏನು ಗೊತ್ತು, ಯಾರು ಹೇಳಿಕೊಟ್ಟರು ಎಂದು ಕೇಳಿ ಬರೆದುಕೊಳ್ಳುವುದು, ಆಮೇಲೆ ರಕ್ತ ಪರೀಕ್ಷೆ ಮಾಡಿಸುವುದು ಅವಳ ಕೆಲಸ. ಹೆತ್ತ ನಾನೇ ಮಗಳ ಹತ್ತಿರ ಬಾಯಿಬಿಡದ ಮಾತನ್ನು ಇವಳು ಬೆಂಚಿನ ಮೇಲೆ ಕೂತು ಕೇಳುತ್ತಾಳೆ! ನನಗೆ ಮೈಯೆಲ್ಲ ಉರಿಯಿತು.

"ಹೆಸರು ಬರೆಯೋದಿಲ್ಲ ಮುದ್ದಮ್ಮ, ಬರೀ ನಂಬರು. ನಿಮ್ಮ ಚಿನ್ನಿ ಯಾರು ಅಂತ ಯಾರಿಗೂ ಗೊತ್ತಾಗಲ್ಲ," ಎಂದಳು.

ನಂಬರು ಕೊಟ್ಟವನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪ. ಹೊಸದಾಗಿ ಬರೆಯುವ ರಗಳೆ ಯಾಕೆಂದು ಹಾಜರಿ ಪುಸ್ತಕದ ನಂಬರುಗಳನ್ನೇ ಇಳಿಸಿಕೊಟ್ಟಿದ್ದ. ನಮ್ಮ ಕೂಲಿ ಮನೆಗಳ ಲೈನಿನಲ್ಲಿ ಹೆಸರು ಮರೆತಾರು, ನಂಬರು ಮರೆಯುವುದಿಲ್ಲ. ಬೆಳಿಗ್ಗೆ ಕೂಗುವುದೂ ಅದನ್ನೇ, ಕಾಫಿ ಹಣ್ಣು ಅಳೆಯುವಾಗ ಕರೆಯುವುದೂ ಅದನ್ನೇ. ನಾನು ನೂರಾ ಹನ್ನೊಂದು, ಚಿನ್ನಿ ನೂರಾ ಹನ್ನೆರಡು. ಆ ಮೈಸೂರಿನವಳಿಗೆ ಇದು ಗೊತ್ತಿರಲಿಲ್ಲ.

ಚಿನ್ನಿ ರಕ್ತ ಕೊಟ್ಟು ಬಂದ ಹದಿನೈದು ದಿನದ ಮೇಲೆ ಬೆಳಗಿನ ಹಾಜರಿಯಲ್ಲಿ ದೇರಪ್ಪ ಚೀಟಿ ಬಿಡಿಸಿ ಓದಿದ.

"ರಕ್ತ ಸರಿ ಇಲ್ಲದೋರು ಮದ್ದಿನ ಕೋಣೆಗೆ ಹೋಗಿ, ಇಂಜೆಕ್ಷನ್ ಇದೆ. ನೂರಾ ಹನ್ನೆರಡು!"

ಎಲ್ಲರೂ ಚಿನ್ನಿಯತ್ತ ತಿರುಗಿದರು. ಮುಂದಿನ ತಿಂಗಳು ಅವಳ ಮದುವೆ. ಬೀಗಿತ್ತಿಯಾಗಬೇಕಾದ ದೊಡ್ಡಿ ಅದೇ ಸಾಲಿನಲ್ಲಿದ್ದಳು. ಬುಟ್ಟಿ ಕೆಳಗಿಟ್ಟಳು. ನಾನು ಸಾಲು ಬಿಟ್ಟು ಮುಂದೆ ಬಂದೆ.

"ರೈಟ್ರೇ, ಅವತ್ತು ಅವಳಿಗೆ ಜ್ವರ. ಅವಳ ನಂಬ್ರಕ್ಕೆ ನಾನೇ ಹೋಗಿ ರಕ್ತ ಕೊಟ್ಟಿದ್ದು," ಎಂದೆ.

ಒಬ್ಬರು ಮಲಗಿದರೆ ಇನ್ನೊಬ್ಬರು ಅವರ ನಂಬರಿನಲ್ಲಿ ಕೆಲಸ ಮಾಡುವುದು ನಮ್ಮಲ್ಲಿ ಇದ್ದದ್ದೇ. ಎಲ್ಲರೂ ನಂಬಿದರು. "ಥೂ, ಈ ವಯಸ್ಸಲ್ಲಿ!" ಎಂದು ದೊಡ್ಡಿ ಉಗಿದಳು. ಉಗಿಯಲಿ.

ಚಿನ್ನಿಯನ್ನು ಕರೆದುಕೊಂಡು ಮದ್ದಿನ ಕೋಣೆಗೆ ಹೋದೆ. ನಮಗಿಂತ ಮೊದಲೇ ದೇರಪ್ಪ ಕಳಿಸಿದ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಆ ಹೆಂಗಸು ಪುಸ್ತಕದಲ್ಲಿ ನೂರಾ ಹನ್ನೆರಡಕ್ಕೆ ಅಡ್ಡಗೆರೆ ಎಳೆದಳು. ನರ್ಸು ನನಗೆಂದು ಸಿರಿಂಜ್ ತುಂಬಿದಳು.

"ಇವಳಿಗೆ?" ಎಂದೆ.

"ಅವಳಿಗೆ ಯಾಕೆ? ಅವಳ ರಕ್ತ ಪರೀಕ್ಷೆನೇ ಆಗಿಲ್ವಲ್ಲ," ಎಂದಳು ನರ್ಸು.

ಬಾಗಿಲಲ್ಲಿ ನಿಂತಿದ್ದ ಚಿನ್ನಿ ನನ್ನನ್ನೇ ನೋಡುತ್ತಿದ್ದಳು. ನನ್ನ ಸುಳ್ಳು ಅವಳ ಮದುವೆಯನ್ನು ಉಳಿಸಿ, ಮದ್ದನ್ನು ಕಿತ್ತುಕೊಂಡಿತ್ತು. ರೋಗ ಯಾರಿಂದ ಬಂತೆಂದು ನಾನಿನ್ನೂ ಕೇಳಿರಲಿಲ್ಲ. ಕೇಳಲು ಮೊದಲು ಅವಳು ಬದುಕಬೇಕು. ಈ ಹೆಂಗಸಿನ ಮೇಲೆ ಆಗಲೂ ನನಗೆ ನಂಬಿಕೆ ಇರಲಿಲ್ಲ. ಆದರೆ ಮದ್ದು ಇದ್ದದ್ದು ಅವಳ ಹತ್ತಿರ.

ಮಗಳನ್ನು ಒಳಗೆಳೆದು ಬಾಗಿಲು ಹಾಕಿದೆ.

"ರಕ್ತ ಇವಳದ್ದೇ ಅಮ್ಮೋರೆ. ನಾನು ಸುಳ್ಳು ಹೇಳ್ದೆ."

ಆ ಹೆಂಗಸು ಪೆನ್ನು ಎತ್ತಿಕೊಂಡಳು. ನಾನು ಪುಸ್ತಕದ ಮೇಲೆ ಅಂಗೈ ಊರಿದೆ.

"ಬರೀಬ್ಯಾಡಿ. ನಂಬ್ರ ಅಂದ್ರೆ ಇಡೀ ಲೈನಿಗೆ ಗೊತ್ತು. ಇವಳ ಹೆಸ್ರು ಚಿನ್ನಿ. ಅದನ್ನ ಮನಸಲ್ಲಿ ಇಟ್ಕೊಳ್ಳಿ."

ಅವಳ ಮುಖ ಬಿಳಿಚಿಕೊಂಡಿತು. ಪೆನ್ನಿನ ಮುಚ್ಚಳ ಹಾಕಿದಳು.

"ಬಾ, ಚಿನ್ನಿ," ಎಂದಳು.