ಸಾಬಮ್ಮನ ಇಪ್ಪತ್ತೆರಡು ಬಕೆಟ್ಟು

“ಇದು ಶಾಲೇನಾ, ದನದ ದೊಡ್ಡೀನಾ?”

ಗುರುರಾಜ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕೇಳಿದರು. ತಗಡಿನ ಶೆಡ್ಡಿನ ಬಾಗಿಲಾಚೆಯೇ ನಿಂತಿದ್ದರು. ಒಳಗೆ ಇಪ್ಪತ್ತೆರಡು ಮಕ್ಕಳು ಸಾಲಾಗಿ ಕೂತು ಅನ್ನ ಸಾರು ತಿನ್ನುತ್ತಿದ್ದವು. ಸಾಬಮ್ಮ ಸೌಟು ಬಿಡದೆ ತಲೆ ಎತ್ತಿದಳು.

“ದೊಡ್ಡೀನೇ ಅನ್ರಿ ಸರ. ಹಾಲು ಹಿಂಡಲಾಕ ಬರಂಗಿಲ್ಲ, ಅಷ್ಟ.”

ಗುರುರಾಜ್ ಮೋರಿಯಾಚೆಯ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರ ಮಗ ಅಭಿನವ್ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನ ಕೋಣೆಯ ಕಿಟಕಿ ತೆರೆದರೆ ಈ ಶೆಡ್ಡಿನ ತಗಡು ಕಾಣುತ್ತಿತ್ತು.

“ನೋಡಮ್ಮಾ, ನನ್ನ ಮಗ ನಿನ್ನೆ ಜರ್ಮನಿಯವರ ಜೊತೆ ಮೀಟಿಂಗಲ್ಲಿದ್ದ. ನಿಮ್ಮ ಮಕ್ಕಳು ‘ಬ ಭ ಮ’ ಅಂತ ಕಿರುಚಿದ್ದಕ್ಕೆ, ಮನೇಲಿ ಮೇಕೆ ಸಾಕಿದೀರಾ ಅಂತ ಕೇಳಿದ್ರಂತೆ. ಮಾನ ಹೋಗಲ್ವಾ?”

“ಮ್ಯಾಕಿ ‘ಮ್ಯಾ’ ಅಂತಾವ್ರಿ ಸರ. ನಮ್ಮವು ‘ಮ’ ಅಂತ ಸರಿಯಾಗೇ ಹೇಳ್ತಾವ.”

“ಬಾಯಿ ಬೇರೆ ಕೇಡು. ಆಫೀಸಿಂದ ಜನ ಕರೆಸ್ತೀನಿ, ತಾಳು.”

ಸಾಬಮ್ಮ ಯಾದಗಿರಿ ಕಡೆಯವಳು. ಹದಿನಾರು ವರ್ಷ, ಕಲ್ಯಾಣ ನಗರದಿಂದ ಕೆ.ಆರ್. ಪುರದವರೆಗೆ ಎಷ್ಟೋ ಕಟ್ಟಡಗಳಿಗೆ ತಲೆಯ ಮೇಲೆ ಕಾಂಕ್ರೀಟು ಹೊತ್ತಿದ್ದಳು. ಒಂದು ಸೈಟಿನಲ್ಲಿ ಅವಳ ಜೊತೆ ಹೊರುತ್ತಿದ್ದ ಹೆಂಗಸಿನ ಎರಡು ವರ್ಷದ ಮಗು ಮುಚ್ಚಳವಿಲ್ಲದ ನೀರಿನ ಸಂಪಿನೊಳಗೆ ಬಿತ್ತು. ಎಲ್ಲರೂ ಮೇಲಿನ ಮಹಡಿಯಲ್ಲಿದ್ದರು. ಮಧ್ಯಾಹ್ನ ಊಟಕ್ಕೆ ಇಳಿದಾಗಲೇ ಹುಡುಕಿದ್ದು. ಮರುದಿನ ಮೇಸ್ತ್ರಿ ಸಂಪಿಗೆ ಮುಚ್ಚಳ ಹಾಕಿಸಿ ಕೆಲಸ ಶುರು ಮಾಡಿಸಿದ. ಸಾಬಮ್ಮ ಬಾಂಡ್ಲಿ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಕೂತಳು. ತಾಯಂದಿರು ಬೆಳಿಗ್ಗೆ ಮಗುವಿನ ಜೊತೆ ಒಂದು ಹಿಡಿ ಅಕ್ಕಿ, ಚೂರು ಬೇಳೆ ತಂದು ಹಾಕಿ, ಕೆಲವರು ಸೈಟುಗಳಿಗೆ, ಕೆಲವರು ಇಂದಿರಾನಗರದ ಮನೆಗಳಿಗೆ ಪಾತ್ರೆ ತೊಳೆಯಲು ಓಡುತ್ತಿದ್ದರು. ಪಕ್ಕದ ಬಾಡಿಗೆ ಕೋಣೆಯ ಪ್ರಿಯದರ್ಶಿನಿ ಪಿಯುಸಿ ಮುಗಿಸಿದವಳು, ಅವಳೇ ಟೀಚರು.

ಗುರುರಾಜ್ ಹೇಳಿದಂತೆಯೇ ಮಾಡಿದರು. ಗುರುವಾರ ಸರ್ಕಾರಿ ಆಫೀಸಿನ ಜಯಂತ್ ಒಂದು ಫಾರಂ ಹಿಡಿದು ಬಂದ. ಹಿಂದೆ ಗುರುರಾಜ್.

“ಸಿಸಿಟಿವಿ ಇದೆಯಾ?”

“ನಾನೇ ಅದೀನಲ್ರಿ,” ಅಂದಳು ಸಾಬಮ್ಮ.

“ಆಟದ ಮೈದಾನ?”

“ಮೋರಿ ದಂಡಿ ಅದರಿ. ಆದ್ರ ಬಿಡಂಗಿಲ್ಲ.”

“ಟಾಯ್ಲೆಟ್ಟು?”

ಸಾಬಮ್ಮ ಮೂಲೆ ತೋರಿಸಿದಳು. ಅವಳ ಗಂಡ ಹಂಪಣ್ಣ ಗಾರೆ ಕೆಲಸದವನು. ಸೈಟುಗಳಲ್ಲಿ ಉಳಿದ ಪೇಂಟ್ ಬಕೆಟ್ಟುಗಳನ್ನು ತಂದು, ಮಕ್ಕಳ ಎತ್ತರಕ್ಕೆ ಕೊಯ್ದು, ಅಂಚಿಗೆ ಪೈಪು ಸುತ್ತಿ ಕೊಟ್ಟಿದ್ದ. ಪ್ರಿಯದರ್ಶಿನಿ ಒಂದೊಂದರ ಮೇಲೂ ಒಂದೊಂದು ಅಕ್ಷರ ಬರೆದಿದ್ದಳು. ಜಯಂತ್ ಬಗ್ಗಿ ಓದಿದ.

“ಇದ್ಯಾಕೆ ಅಕ್ಷರ?”

“ತಮ್ಮ ತಮ್ಮ ಬಕೀಟು ಗುರುತು ಹಿಡೀಲಿ ಅಂತ್ರಿ ಸರ,” ಅಂದಳು ಪ್ರಿಯದರ್ಶಿನಿ. “ಸ್ಲೇಟಿನ ಮ್ಯಾಲ ಒಂದು ತಿಂಗಳಿಗೂ ಬರಲಿಲ್ಲ. ಅವಸರ ಆದಾಗ ಎರಡ ದಿನದಾಗ ಕಲ್ತಾವ.”

ನಾಲ್ಕು ವರ್ಷದ ಮುತ್ತಣ್ಣ ಎದ್ದು ಬಂದು ತನ್ನ ಬಕೆಟ್ಟನ್ನು ತಬ್ಬಿಕೊಂಡ. “ಳ ನಂದು,” ಅಂದ. ಆಫೀಸಿನವರು ಒಯ್ಯಲು ಬಂದಿದ್ದಾರೆಂದು ಅವನಿಗೆ ಅನಿಸಿತ್ತು.

ಜಯಂತನಿಗೆ ನಗು ಬಂತು. ಗುರುರಾಜ್ ಕಡೆ ನೋಡಿ ನುಂಗಿಕೊಂಡ. “ಫಾರಮ್ಮಲ್ಲಿ ‘ಇದೆ’, ‘ಇಲ್ಲ’ ಎರಡೇ ಇರೋದಮ್ಮ. ಬಕೆಟ್ಟಿಗೆ ಜಾಗ ಇಲ್ಲ. ಹತ್ರದಲ್ಲಿ ಉಪಯೋಗಿಸೋಕೆ ಒಂದು ಟಾಯ್ಲೆಟ್ ಇದ್ರೂ ‘ಇದೆ’ ಅಂತ ಬರೀತೀನಿ. ಇಲ್ಲಾಂದ್ರೆ ಸೋಮವಾರ ಬೀಗ ಹಾಕ್ಬೇಕಾಗುತ್ತೆ.”

ಹತ್ತಿರದಲ್ಲೇ ಒಂದಿತ್ತು. ಮೋರಿಯ ಸೇತುವೆ ದಾಟಿದರೆ ಪಾರ್ಕು. ಪಾರ್ಕಿನ ಮೂಲೆಯಲ್ಲಿ ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಸಾರ್ವಜನಿಕ ಶೌಚಾಲಯ. ಬೀಗದ ಕೈ ಗುರುರಾಜ್ ಹತ್ತಿರ.

“ಅದು ವಾಕಿಂಗ್ ಬರೋ ಸೀನಿಯರ್ ಸಿಟಿಜನ್ಸ್‌ಗೆ,” ಅಂದರು ಗುರುರಾಜ್. “ಅದೂ ಅಲ್ದೆ ವೆಸ್ಟರ್ನ್ ಕಮೋಡು. ನಿಮ್ಮವರಿಗೆ ಅದರ ಮೇಲೆ ಕೂರೋಕೆ ಬರುತ್ತೇನಮ್ಮ?”

“ಅದನ್ನ ಕುಂದರ್ಸಿದವ ನನ್ನ ಗಂಡ್ರಿ ಸರ. ಅಲಗ್ಯಾಡ್ತದೋ ಇಲ್ಲೋ ಅಂತ ಮೊದಲ ಕುಂತು ನೋಡಿದವನೂ ಅವನ. ನೀವು ರಿಬ್ಬನ್ ಕತ್ತರಿಸಿದ್ದು ಆಮ್ಯಾಲ.”

ಗುರುರಾಜ್ ಮುಖ ಕೆಂಪಗಾಯಿತು. “ಬಕೆಟ್ಟಲ್ಲಿ ಹೇಲೋ ಜನಕ್ಕೆ ಇಷ್ಟು ಕೊಬ್ಬು,” ಎಂದು ಹೇಳಿ ಹೊರಟರು.

ಆ ಸಂಜೆ ಹಂಪಣ್ಣ ಸುತ್ತಿಗೆ ಹುಡುಕಿದ. “ಆ ಭಾಡ್ಯಾ ಬೀಗ ಹಾಕಿದ ಬಾಗಲಾ ಕಿತ್ತಿ ಮೋರಿಗೆ ಒಗೀತೀನಿ.”

“ನೀ ಬಾಗಲಾ ಕಿತ್ತರ ಪೊಲೀಸ್ರು ನಿನ್ನ ಹಲ್ಲ ಕೀಳ್ತಾರ. ಸುಮ್ನ ಕುಂದರು,” ಅಂದಳು ಸಾಬಮ್ಮ. ಸೋಮವಾರ ಬೀಗ ಬಿದ್ದರೆ ಮಂಗಳವಾರ ಈ ಮಕ್ಕಳು ಮತ್ತೆ ಸೈಟುಗಳಿಗೆ ಹೋಗುತ್ತವೆ. ಸೈಟಿಗೊಂದು ಸಂಪು ಇದ್ದೇ ಇರುತ್ತದೆ.

ಶನಿವಾರ ಬೆಳಿಗ್ಗೆ ಪಾರ್ಕಿನಲ್ಲಿ ಶಾಮಿಯಾನ ಹಾಕಿದ್ದರು. ಸ್ವಚ್ಛ ಬಡಾವಣೆ ಸ್ಪರ್ಧೆಗೆ ತೀರ್ಪುಗಾರರು ಬರುವವರಿದ್ದರು. ಕೆಲಸಕ್ಕೆ ಹೊರಟ ಹೆಂಗಸರು ಈ ಸುದ್ದಿ ಹೇಳಿ ಹೋದರು. ಸಾಬಮ್ಮ ಮಕ್ಕಳಿಗೆ ಬೆಳ್ಳಂಬೆಳಿಗ್ಗೆಯೇ ಹೊಟ್ಟೆ ತುಂಬ ಉಪ್ಪಿಟ್ಟು ತಿನ್ನಿಸಿದಳು, ಮೇಲೆ ಒಂದೊಂದು ಬಾಳೆಹಣ್ಣು ಕೊಟ್ಟಳು. ಸ್ವಲ್ಪ ಹೊತ್ತು ಕಾದಳು.

ಹತ್ತು ಗಂಟೆಗೆ ಗುರುರಾಜ್ ಮೈಕಿನಲ್ಲಿ ಮಾತಾಡುತ್ತಿದ್ದರು. ಮೂವರು ತೀರ್ಪುಗಾರರು ಹಾರ ಹಾಕಿಸಿಕೊಂಡು ಕೂತಿದ್ದರು. ಅವರನ್ನು ಕರೆತಂದ ಜಯಂತ್ ಪಕ್ಕದಲ್ಲಿ ನಿಂತಿದ್ದ. ಸೇತುವೆಯ ಮೇಲೆ ಮೊದಲು ಸಾಬಮ್ಮ ಕಾಣಿಸಿದಳು. ಹಿಂದೆ ಇಪ್ಪತ್ತೆರಡು ಮಕ್ಕಳು, ತಲೆಯ ಮೇಲೆ ಬಕೆಟ್ಟು ಬೋರಲು ಹಾಕಿಕೊಂಡು. ಕೊನೆಗೆ ಪ್ರಿಯದರ್ಶಿನಿ, ಎರಡು ಕೊಡ ನೀರು ಹೊತ್ತು.

ಶೌಚಾಲಯದ ಬೀಗದ ಮುಂದೆ ಮಕ್ಕಳು ಸಾಲಾಗಿ ಬಕೆಟ್ಟು ಇಟ್ಟವು. ಕೂತವು.

“ಈಗ ಪಾಠ ಹೇಳ್ರಿ,” ಅಂದಳು ಪ್ರಿಯದರ್ಶಿನಿ.

“ಕ,” ಎಂದು ಮೊದಲನೆಯದು ಕೂಗಿತು. “ಖ,” ಅಂದಿತು ಪಕ್ಕದ್ದು. ‘ಘ’ದವನು ಅಕ್ಷರ ಹೇಳುವಾಗ ಸ್ವಲ್ಪ ತಿಣುಕಿದ, ಅದು ಗುರುರಾಜ್ ಹಿಡಿದಿದ್ದ ಮೈಕಿಗೂ ಕೇಳಿತು. ಒಬ್ಬ ತೀರ್ಪುಗಾರರು ಕನ್ನಡಕ ಒರೆಸಿಕೊಂಡರು.

ಗುರುರಾಜ್ ಓಡಿ ಬಂದರು. “ಎಬ್ಬಿಸು. ಎಲ್ಲರನ್ನೂ ಈಗಲೇ ಎಬ್ಬಿಸು.”

“ನಡುವ ಎಬ್ಬಿಸಬಾರದ್ರಿ ಸರ. ನಿಮ್ಮನ್ನ ಯಾರರ ಎಬ್ಬಿಸ್ಯಾರೇನು?”

ಅವರು ಮುತ್ತಣ್ಣನ ರಟ್ಟೆಗೆ ಕೈ ಹಾಕಿದರು. “ಇನ್ನಾ ಆಗಿಲ್ಲ,” ಅಂದ ಮುತ್ತಣ್ಣ, ತುಂಬ ಗಂಭೀರವಾಗಿ. ಗುರುರಾಜ್ ಕೈ ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ತೀರ್ಪುಗಾರರು ಎದ್ದು ಬಂದಿದ್ದರು. ಅವರಲ್ಲಿ ಹಿರಿಯ ಹೆಂಗಸೊಬ್ಬರು ಬಾಗಿಲ ಮೇಲಿನ ‘ಸಾರ್ವಜನಿಕ’ ಎಂಬ ಬರಹವನ್ನೂ ಬೀಗವನ್ನೂ ನೋಡಿ, “ಇದನ್ನ ತೆಗೀರಿ, ಒಳಗೂ ನೋಡಬೇಕು,” ಅಂದರು.

ಗುರುರಾಜ್ ಎರಡೂ ಜೇಬು ತಡಕಾಡಿದರು. ಕೊನೆಗೆ ಬೀಗದ ಕೈ ಸಿಗಲೇಬೇಕಾಯಿತು. ಬಾಗಿಲು ತೆರೆದರೆ ಒಳಗೆ ಸಂಘದ ಪ್ಲಾಸ್ಟಿಕ್ ಕುರ್ಚಿಗಳು, ಕಳೆದ ವರ್ಷದ ಬ್ಯಾನರು, ಹರಿದ ಶಟಲ್ ಬಲೆ. ಕಮೋಡಿನೊಳಗೆ ಮಣ್ಣು ತುಂಬಿ ಯಾರೋ ಮನಿ ಪ್ಲಾಂಟು ನೆಟ್ಟಿದ್ದರು. ಅದು ಚೆನ್ನಾಗಿ ಬೆಳೆದು ಫ್ಲಶ್ ಟ್ಯಾಂಕಿನ ಮೇಲೆ ಹಬ್ಬಿತ್ತು.

ಸಾಬಮ್ಮ ಒಳಗೆ ಹೋದಳು. ಕುರ್ಚಿಗಳನ್ನು ಹೊರಗೆಸೆದಳು, ಬಳ್ಳಿಯನ್ನು ಬೇರುಸಮೇತ ಎತ್ತಿ ತಂದು ಗುರುರಾಜರ ಕೈಗಿಟ್ಟಳು, ಉಳಿದ ಮಣ್ಣನ್ನು ಕೈಯಿಂದಲೇ ಬಳಿದು ಹಾಕಿದಳು. ಪ್ರಿಯದರ್ಶಿನಿ ಎರಡೂ ಕೊಡ ಸುರಿದಳು. ನೀರು ಗುಳುಗುಳು ಎಂದು ಇಳಿದು ಹೋಯಿತು. ಹಂಪಣ್ಣನ ಕೆಲಸ ಗಟ್ಟಿಯಾಗಿತ್ತು. ಸಾಬಮ್ಮ ಬೀಗದಿಂದ ಕೀಲಿ ಎಳೆದು ಕುಪ್ಪಸದೊಳಗೆ ಇಳಿಸಿದಳು.

“ಆ ಕೀ ಕೊಡಮ್ಮ,” ಅಂದರು ಗುರುರಾಜ್, ಮನಿ ಪ್ಲಾಂಟು ಹಿಡಿದುಕೊಂಡು.

“ತಗೋರಿ,” ಅಂದಳು ಸಾಬಮ್ಮ, ಎದೆ ಮುಂದೆ ಮಾಡಿ.

ಗುರುರಾಜ್ ಅತ್ತಿತ್ತ ನೋಡಿದರು. ತೀರ್ಪುಗಾರ ಹೆಂಗಸು ಅವರನ್ನೇ ನೋಡುತ್ತಿದ್ದರು.

ಇಷ್ಟೂ ಹೊತ್ತು ಜಯಂತ್ ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಿದ್ದ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವನು, ಬಾಣಸವಾಡಿಯಿಂದ ಇಲ್ಲಿಯವರೆಗೆ ತೀರ್ಪುಗಾರರಿಗೆ ನಾಲ್ಕು ಬಡಾವಣೆ ಸುತ್ತಿಸಿದ್ದ. ಎಲ್ಲ ಕಡೆ ಕಾಫಿ ಕೊಟ್ಟಿದ್ದರು. ಮೆಲ್ಲಗೆ ಸಾಬಮ್ಮನ ಹತ್ತಿರ ಬಂದ.

“ಅಮ್ಮಾ, ಒಂದ್ನಿಮಿಷ ಒಳಗೆ ಹೋಗ್ಬರ್ಲಾ?”

“ಫಾರಮ್ ತಂದೀರೇನ್ರಿ ಸಾಹೇಬ್ರ?”

“ಬ್ಯಾಗಲ್ಲಿದೆ.”

“ಮೊದಲ ಬರೀರಿ.”

ಜಯಂತ್ ಗೋಡೆಗೆ ಕಾಗದ ಒತ್ತಿ ‘ಇದೆ’ ಅಂತ ಬರೆದ, ಸಹಿ ಹಾಕಿದ, ಸೀಲು ಹೊಡೆದ. ಪ್ರಿಯದರ್ಶಿನಿ ಎರಡೆರಡು ಸಲ ಓದಿ ತಲೆಯಾಡಿಸಿದಳು. ಜಯಂತ್ ಬಾಗಿಲಿಗೆ ಧಾವಿಸಿದ.

ಸಾಬಮ್ಮ ಕೈ ಅಡ್ಡ ಇಟ್ಟಳು.

“ಸಾಲಿನಾಗ ನಿಲ್ರಿ.”

ಬಾಗಿಲು ತೆರೆದದ್ದೇ ತಡ, ಅರ್ಧಕ್ಕರ್ಧ ಮಕ್ಕಳು ಬಕೆಟ್ಟು ಬಿಟ್ಟೆದ್ದು ಕಮೋಡೆಂಬ ದೊಡ್ಡವರ ಕುರ್ಚಿ ನೋಡಲು ಸಾಲುಗಟ್ಟಿದ್ದವು. ಜಯಂತ್ ಕೊನೆಗೆ ಹೋಗಿ, ಚಡ್ಡಿ ಏರಿಸಿಕೊಳ್ಳುತ್ತಿದ್ದ ಮುತ್ತಣ್ಣನ ಹಿಂದೆ ಕಾಲು ಜೋಡಿಸಿ ನಿಂತ. ಮುತ್ತಣ್ಣ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದ.

“ನಿಂದು ಯಾವ ಅಕ್ಷರ?” ಎಂದು ಕೇಳಿದ.