ಕಟ್ಟಿದವರು: ನಮ್ಮಪ್ಪ

ಗ್ರಂಥಾಲಯದ ಹಿಂದಿನ ಕೋಣೆಗೆ ಮುದುಕರು ಚಪ್ಪಲಿ ಕಳಚದೆ ಬಂದರು. ಕೈಯಲ್ಲಿ ಸೊಸೆಯ ಮೊಬೈಲು.

"ನನ್ನಪ್ಪನಿಗೆ ನಾಮಕರಣ ಮಾಡೋಕೆ ನೀನ್ಯಾರಮ್ಮ?"

ಊರವರೆಲ್ಲ ಅವರನ್ನು ಉಳಿಯಜ್ಜ ಎನ್ನುತ್ತಿದ್ದರು. ಐವತ್ತು ವರ್ಷ ಕಲ್ಲು ಕೆತ್ತಿದವರು. ಊರಿನ ಹಳೆಯ ಜಾಗಗಳನ್ನು ಮೊಬೈಲಿನ ನಕ್ಷೆಗೆ ಏರಿಸುವ ಕೆಲಸ ಗ್ರಂಥಾಲಯದ ಗುಮಾಸ್ತೆಯದು. ಒಬ್ಬೊಬ್ಬರನ್ನೇ ಕೂರಿಸಿ ಮಾತು ಧ್ವನಿಮುದ್ರಿಸಿಕೊಂಡು, ಕೇಳಿ ಕೇಳಿ ಖಾನೆ ತುಂಬುತ್ತಿದ್ದಳು. ಅಜ್ಜನ ಮಾತನ್ನೂ ಹೋದ ತಿಂಗಳು ಕೇಳಿದ್ದಳು.

ಅಜ್ಜ ಮೊಬೈಲನ್ನು ಅವಳ ಮೂಗಿಗೇ ಹಿಡಿದರು. ಮೆಟ್ಟಿಲುಬಾವಿಯ ಚಿತ್ರ. ಕೆಳಗೆ, ಕಟ್ಟಿದವರು: ನಮ್ಮಪ್ಪ.

"ಕಟ್ಟಿದ್ದು ಯಾರು ಅಂತ ಕೇಳಿದೆ. ನೀವೇ ಹೇಳಿದ್ರಲ್ಲ ಅಜ್ಜ, ನಮ್ಮಪ್ಪ ಅಂತ."

"ನಮ್ಮಪ್ಪ ಅಂದ್ರೆ ನಮ್ಮ ಅಪ್ಪ ಕಣಮ್ಮ! ಅಂಗಡಿಯವನು ನಿನ್ನೆ ಕೇಳ್ತಾನೆ, ಈ ನಮ್ಮಪ್ಪನವರು ಯಾವ ಮನೆಯವರು ಅಂತ. ನಮ್ಮಪ್ಪ ಊರಿಗೆಲ್ಲ ಹೇಗಾಗ್ತಾನೆ?"

ಗುಮಾಸ್ತೆಯ ಮುಖ ಕೆಂಪೇರಿತು. ಅಪ್ಪ ಎಂದು ಮುಗಿಯುವ ಹೆಸರುಗಳು ಊರ ತುಂಬ ಇವೆ. ಇದೂ ಅಂಥದ್ದೊಂದು ಎಂದುಕೊಂಡು ಹಾಗೇ ತುಂಬಿಬಿಟ್ಟಿದ್ದಳು.

"ತಪ್ಪಾಯ್ತು ಅಜ್ಜ. ಸರಿಯಾದ ಹೆಸರು ಹೇಳಿ, ಈಗಲೇ ತಿದ್ದುತ್ತೇನೆ."

ಅಜ್ಜ ಚಪ್ಪಲಿಯ ಕಡೆ ನೋಡಿಕೊಂಡು, ಹೊರಗೆ ಹೋಗಿ ಬಿಟ್ಟು, ಒಳಗೆ ಬಂದು ಬೆಂಚಿನ ತುದಿಗೆ ಕೂತರು.

"ಗೊತ್ತಿದ್ದರೆ ನಿನ್ನ ಮೇಲೆ ಯಾಕೆ ಕೂಗಾಡ್ತಿದ್ದೆ ತಾಯಿ?"

ಬಾವಿಯ ಕೊನೆಯ ಸಾಲು ಕೂರಿಸುವಾಗ ಗೋಡೆ ಕುಸಿದು ಅಪ್ಪ ಸತ್ತ. ಆಗ ಅಜ್ಜ ಇನ್ನೂ ಹೊಟ್ಟೆಯಲ್ಲಿ. ಅವ್ವ ಗಂಡನ ಹೆಸರು ಬಾಯಿಗೆ ತರಲಿಲ್ಲ. ಅವಳ ಮಾತಿನಲ್ಲಿ ಅವನು ಕೊನೆಯವರೆಗೂ "ನಿಮ್ಮಪ್ಪ." ಸಾಕಿದ ದೊಡ್ಡಪ್ಪನ ಬಾಯಲ್ಲಿ "ನನ್ನ ತಮ್ಮ." ಕಾಗದಪತ್ರದಲ್ಲೆಲ್ಲ ದೊಡ್ಡಪ್ಪನ ಹೆಸರೇ.

"ಕೇಳದೇನೇ ದೊಡ್ಡವನಾದೆ. ಆಮೇಲೆ ಕೇಳೋಕೆ ನಾಚಿಕೆ. ಅಪ್ಪನ ಹೆಸರು ಗೊತ್ತಿಲ್ಲ ಅಂತ ಯಾರ ಮುಂದೆ ಹೇಳಲಿ? ಅಕ್ಕ ಇದ್ದಾಳೆ. ಆಗ ಅವಳಿಗೆ ಐದು ವರ್ಷ. ನೀನೇ ಕೇಳು. ನನಗೆ ಧೈರ್ಯ ಸಾಲದು."

ಅಕ್ಕನ ಮನೆ ಎರಡು ಬೀದಿ ಆಚೆ. ಕಣ್ಣು ಮಂಜಾಗಿದ್ದ ಅಕ್ಕ ಕಿಟಕಿಯ ಬಳಿ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದರು.

"ಯಾರು? ತಮ್ಮನಾ? ಹೆಜ್ಜೆ ಸದ್ದು ಕೇಳಿದ್ರೆ ಗೋಡೆ ಒಡೆಯೋಕೆ ಬಂದ ಹಾಗಿದೆ. ಜೊತೆಗೆ ಯಾರು?"

ಗುಮಾಸ್ತೆ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು. ಅಕ್ಕನ ಕೈ ಬಟ್ಟೆಯ ಮೇಲೆ ನಿಂತಿತು. ಅಜ್ಜ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಹೆಸರಾ? ನಾನು ಅವರನ್ನ ಕರೀತಿದ್ದದ್ದೇ ಅಪ್ಪಾ ಅಂತ. ಅಪ್ಪನ ಹೆಸರು ಹಿಡಿದು ಕರೆಯೋ ಮಗು ಎಲ್ಲಾದರೂ ಉಂಟಾ?" ತುಟಿಗಳು ಏನನ್ನೋ ತಡಕಿ ನಿಂತವು. "ಇಲ್ಲ ತಮ್ಮ. ಅವ್ವ ಹಾಡ್ತಿದ್ದ ಪದ ಒಂದೇ ಉಳಿದಿರೋದು."

"ಯಾವ ಪದ?"

"ನೀರಿಗೆ ಇಳಿಯುವಾಗ ನನ್ನ ಕೈ ಹಿಡಿದು ಹೇಳ್ತಿದ್ದಳು. ಅದಕ್ಕೇ ನಿನ್ನನ್ನ ಅವಳು ಬಾವಿಗೆ ಕರೆದೊಯ್ಯಲೇ ಇಲ್ಲ. ಅಪ್ಪನನ್ನ ಕಾಣದ ನಿನಗೆ ಅದು ಕೇಳಿಸಬಾರದು ಅಂತ."

ಅಕ್ಕ ಗಂಟಲು ಸರಿಮಾಡಿಕೊಂಡು ಹೇಳಿದರು. ಹಾಡಲಿಲ್ಲ, ಮೆಟ್ಟಿಲಿಳಿದ ಹಾಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರು:

"ಮೆಲ್ಲನೆ ಇಳಿ ಮಗಳೆ, ಕಲ್ಲೆಂದು ತುಳಿಬೇಡ
ಎಲ್ಲ ಮೆಟ್ಟಿಲಿಗೂ ಅಂಗೈಯ ನಿಮ್ಮಪ್ಪ
ಸೊಲ್ಲೆತ್ತದೆ ಕೊಟ್ಟು ಹೋಗಿಹನು."

ಅಕ್ಕ ಎರಡನೆಯ ಸಲ ಹೇಳಿದಾಗಲೇ ಗುಮಾಸ್ತೆ ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡದ್ದು. ಮೊದಲ ಸಲ ಅವಳಿಗೆ ಅದು ತನ್ನ ಕೆಲಸವೆಂದು ಹೊಳೆದಿರಲೇ ಇಲ್ಲ.

ಅಜ್ಜ ಎಪ್ಪತ್ತೆಂಟು ವರ್ಷಕ್ಕೆ ಮೊದಲ ಬಾರಿ ಅವ್ವನ ಆ ಪದ ಕೇಳಿದರು. ಬಾಗಿಲಲ್ಲೇ ಕೂತು, ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಅಕ್ಕ ಮತ್ತೆ ಬಟ್ಟೆ ಕೈಗೆತ್ತಿಕೊಂಡರು.

ಗುಮಾಸ್ತೆ ತಿದ್ದುವ ಪುಟ ತೆರೆದಳು. "ಹೆಸರಿನ ಜಾಗ ಖಾಲಿ ಬಿಡಲಾ ಅಜ್ಜ? ಖಾಲಿ ಬಿಟ್ಟರೆ 'ಅಜ್ಞಾತ' ಅಂತ ತಾನೇ ಬರೆದುಕೊಳ್ಳುತ್ತೆ."

"ಹಾಗಂದ್ರೆ?"

"ಯಾರೋ ಗೊತ್ತಿಲ್ಲ ಅಂತ."

"ಯಾರೋ ಅಲ್ಲ ತಾಯಿ ಅವನು." ಅಜ್ಜ ತಲೆಯೆತ್ತಿದರು. "ಇದ್ದದ್ದೇ ಇರಲಿ ಬಿಡು."

"ಅಂಗಡಿಯವರು ಮತ್ತೆ ಕೇಳಿದರೆ?"

"ಕೇಳಲಿ. ಅವನ ಬಾಯಲ್ಲೂ ಬರಲಿ, ನಮ್ಮಪ್ಪ ಅಂತ. ನನಗೂ ಅಷ್ಟೇ ಗೊತ್ತಿರೋದು."

ಅವಳು ಹೆಸರನ್ನು ಮುಟ್ಟಲಿಲ್ಲ. ಕೆಳಗೆ ಅಕ್ಕನ ದನಿ ಸೇರಿಸಿದಳು.

ಮಾರನೆಯ ಬೆಳಿಗ್ಗೆ ಅಜ್ಜ, ಗುಮಾಸ್ತೆ ಇಬ್ಬರೂ ಬಾವಿಗೆ ಹೋದರು. ಧ್ವನಿ ಸರಿಯಾಗಿ ಬರುತ್ತದೋ ನೋಡಬೇಕಿತ್ತು. ಕಂಬಿಬೇಲಿಯ ಬಳಿ ಊರಿಗೆ ಹೊಸಬಳಾದ ಹೆಂಗಸೊಬ್ಬಳು ಮೊಬೈಲು ಹಿಡಿದು ಮಗಳಿಗೆ ಓದಿ ಹೇಳುತ್ತಿದ್ದಳು: "ಕಟ್ಟಿದವರು... ನಮ್ಮಪ್ಪ." ಆಮೇಲೆ ಅಕ್ಕನ ದನಿ ಹೊರಟಿತು.

ಪದ ಮುಗಿಯುವವರೆಗೆ ತಾಯಿ ಮಗಳು ಅಲ್ಲಾಡಲಿಲ್ಲ. ತಾಯಿ ಬಗ್ಗಿ ಮೊದಲು ಮಗಳ ಚಪ್ಪಲಿ, ಆಮೇಲೆ ತನ್ನದು ಬಿಚ್ಚಿದಳು.

ಉಳಿಯಜ್ಜ ಗುಮಾಸ್ತೆಯ ಕಡೆ ತಿರುಗಿ, "ನಡಿ, ನಾವೂ ಇಳಿಯೋಣ," ಎಂದರು. ಹುಟ್ಟಿದಂದಿನಿಂದ ಅವರು ಆ ಬಾವಿಗೆ ಇಳಿದಿರಲಿಲ್ಲ.