ಬಿಸಿ ಪಾಕ

ಬಲೆಯಿಂದ ಒಂದು ಸೀಗಡಿಯನ್ನೆತ್ತಿ ಯಲ್ಲಾಲಿಂಗ ಬಿಸಿಲಿಗೆ ಹಿಡಿದ. ಬೆನ್ನುದ್ದಕ್ಕೂ ಕಪ್ಪಗೆ ಕಾಣಬೇಕಿದ್ದ ಕರುಳು ಬೆಳ್ಳಗಾಗಿ, ಅಲ್ಲಲ್ಲಿ ತುಂಡಾಗಿತ್ತು. ಹೊಂಡದ ಮೂಲೆಯಲ್ಲಿ ಬಿಳಿ ಹಿಕ್ಕೆ ನೂಲಿನೆಳೆಗಳಂತೆ ತೇಲುತ್ತಿತ್ತು.

"ಕಾಕಾ, ನಾ ಕೊಟ್ಟ ಕರುಳು ಕಾಯೂ ಪುಡಿ ಮೇವಿಗೆ ಹ್ಯಾಂಗ ಕಲಸ್ತಿದ್ರಿ?"

ಹೊಂಡದ ಯಜಮಾನ ಮುರಗೆಪ್ಪನಿಗೆ ಹುರುಪು ಬಂತು. ಅರ್ಧ ಆಯುಷ್ಯವನ್ನು ಹುನ್ನೂರಿನ ಗಾಣದ ಮನೆಯಲ್ಲಿ ಬೆಲ್ಲ ಕಾಸುತ್ತ ಕಳೆದವನು. ಪಾಕದ ವಿಷಯದಲ್ಲಿ ಅವನಿಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕಿತ್ತು.

"ಬೆಲ್ಲ ಕುದಿಸಿ, ಪಾಕ ಬಂದಕೂಡ್ಲೆ ಪುಡಿ ಸುರುವತಿದ್ದೆ. ಬಿಸಿ ಇದ್ದಾಗನ ಮೇವಿಗೆ ಕಲಸಿದ್ರ ಛಲೋ ಹಿಡಿತೈತಿ. ನೀರಾಗ ಒಂಚೂರೂ ಬಿಡಂಗಿಲ್ಲ."

ಮೇವು, ಪುಡಿ ಮಾರುವ ಯಲ್ಲಾಲಿಂಗ ಸೀಗಡಿಯನ್ನು ಮೆಲ್ಲಗೆ ನೀರಿಗೆ ಬಿಟ್ಟ.

"ಬೆಲ್ಲದ ನೀರು ಅಂದಿದ್ನಲ್ಲರಿ, ಪಾಕ ಅನ್ನಲಿಲ್ಲ. ಆ ಪುಡ್ಯಾಗ ಕಣ್ಣಿಗಿ ಕಾಣದ ಜೀವ ಇರತಾವು. ಅವು ಹೊಟ್ಟ್ಯಾಗ ಹೋಗಿ ಕರುಳು ಕಾಯಬೇಕು. ಕುದಿಯೂದ್ರಾಗ ಹಾಕಿದ್ರ ಉಳಿತಾವೇನ್ರಿ?"

ಮುರಗೆಪ್ಪ ಹೊಂಡದ ಕಡೆ ನೋಡಿದ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಲ ಸವುಳಾಗಿ, ಉಪ್ಪು ಎದ್ದು, ಕಸ ಕೂಡ ಬೆಳೆಯದಂತಾದ ಮೇಲೆ ತೋಡಿಸಿದ ಹೊಂಡ ಅದು. ಲಿಂಗಪೂಜೆಯ ಮನೆಯಲ್ಲಿ ಇದೆಂಥ ಉದ್ಯೋಗ ಎಂದು ಹೆಂಡತಿ ಗುರುಬಸವ್ವ ಊಟ ಬಿಟ್ಟು ಕೂತಿದ್ದಳು. ಕೊನೆಗೆ, ಹೊಂಡದ ಮಾತು ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದು ಕರಾರು ಹಾಕಿ ಎದ್ದಿದ್ದಳು. ಅವನೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಹೊಲದ ಗುಡಿಸಲಲ್ಲೇ ಬೇರೆ ಒಲೆ, ಬೇರೆ ಪಾತ್ರೆ. ಸ್ನಾನ ಮಾಡದೆ ಮನೆಯೊಳಗೆ ಕಾಲಿಟ್ಟವನಲ್ಲ.

ಅಂದು ಮಾತ್ರ ಅಂಗಳದಲ್ಲೇ ನಿಂತು ಎಲ್ಲ ಹೇಳಿದ. ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದ ಗುರುಬಸವ್ವನ ಕೈ ನಿಂತಿತು.

"ಹಾಲು ಸುಡುವಾಗ ಹೆಪ್ಪ ಹಾಕಿದ್ರ ಮೊಸರಾಕ್ಕೈತೇನ್ರಿ? ನನಗೊಂದ ಮಾತ ಕೇಳಿದ್ರ..."

ಅವಳು ಮತ್ತೆ ಮೊರ ಎತ್ತಿಕೊಂಡಳು. ಹೊಂಡದ ಮಾತೇ ಬೇಡ ಎಂದವಳು ತಾನೇ. ಅದನ್ನು ಎತ್ತಿ ಆಡಬಹುದಿತ್ತು, ಮುರಗೆಪ್ಪ ಆಡಲಿಲ್ಲ. ಸೀಗಡಿಯ ಬೆಳೆ ಕೈಬಿಟ್ಟುಹೋಗುವ ದುಃಖದ ಜೊತೆಗೆ, ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಮೂಕರಂತೆ ಬದುಕಿದೆವಲ್ಲ ಎಂಬ ಕೊರಗೂ ಅವನನ್ನು ಹತ್ತಿತು.

ಮರುದಿನ ಮುಂಜಾನೆ ಅವಳು ತಾನಾಗಿಯೇ ಗುಡಿಸಲಿಗೆ ಬಂದಳು. ಬೆಲ್ಲದ ನೀರಲ್ಲಿ ಬೆರಳು ಅದ್ದಿ ನೋಡಿದಳು, ಆರಿದ ಮೇಲೆ ಪುಡಿ ಬೆರೆಸಿದಳು. ಮುರಗೆಪ್ಪ ಅದನ್ನು ಮೇವಿಗೆ ಕಲಸಿ, ಜಾಲರಿ ತಟ್ಟೆಯಲ್ಲಿಟ್ಟು ಹಗ್ಗದಿಂದ ನೀರಿಗೆ ಇಳಿಬಿಟ್ಟ. ಬಹಳ ಹೊತ್ತಿನ ಮೇಲೆ ಎತ್ತಿದಾಗ ಮೇವು ಹಾಕಿದಂತೆಯೇ ಇತ್ತು, ಒಂದು ಸೀಗಡಿಯೂ ಬಾಯಿ ಹಾಕಿರಲಿಲ್ಲ.

"ಅವು ತಿಂದದ್ದು ಹ್ಯಾಂಗ ಗೊತ್ತಾಗ್ತಿತ್ತರಿ ನಿಮಗ?"

"ತಟ್ಟಿ ಖಾಲಿ ಆಗಿರತಿತ್ತು."

ಗುರುಬಸವ್ವ ತಟ್ಟೆಯನ್ನು ಅವನ ಕೈಯಿಂದ ಇಸಿದುಕೊಂಡು ಮತ್ತೆ ನೀರಿಗೆ ಬಿಟ್ಟಳು.

"ಇನ್ನೊಂಚೂರ ತಡೀರಿ. ನೋಡೂಣು."

ಇಬ್ಬರೂ ಬದುವಿನ ಮೇಲೆ ಕೂತರು. ಬಿಸಿಲು ನೆತ್ತಿಗೆ ಬಂತು. ಹಗ್ಗದ ತುದಿ ಅವಳ ಕೈಯಲ್ಲೇ ಇತ್ತು. ಅವಳು ಎಳೆಯಲಿಲ್ಲ, ಅವನು ಎಳೆ ಅನ್ನಲಿಲ್ಲ.